ನೋಡಿದ್ದನ್ನು ಮಾಡು ಎಂದು ಹೇಳಿಕೊಟ್ಟವಳು

ಪವಿತ್ರಾ, ನಿನಗೆ ಟೀಚರ್ ಕೆಲಸದ ಆರ್ಡರ್ ಬಂದ ದಿನ ನೀನು ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿದೆ, "ಅಜ್ಜಿ, ನೀವು ನಾಟಕದ ಟೀಚರ್ ಆಗಿದ್ರಂತಲ್ಲ, ನಂಗೂ ಒಂಚೂರು ಹೇಳ್ಕೊಡಿ" ಎಂದು. ನಾನು ಪಾತ್ರೆ ತೊಳೆಯುವ ನೆಪದಲ್ಲಿ ಆ ಕಡೆ ತಿರುಗಿಕೊಂಡೆ. ಎದುರು ನಿಂತು ಮಾತಾಡುವುದು ನನಗೆ ಯಾವತ್ತೂ ಬಂದದ್ದಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಓದಿ ನಿನ್ನ ತಮ್ಮಂದಿರಿಗೂ ಕೊಡು. ಓದಿದ ಮೇಲೆ ನನ್ನನ್ನು ಏನೂ ಕೇಳಬೇಡ.

ನಾನು ಒಂದು ಸಲವೂ ಸ್ಟೇಜ್ ಹತ್ತಿದವಳಲ್ಲ. ರಿಟೈರ್ ಆದ ದಿನ ಹಾರ ಹಾಕಲು ಮೇಲೆ ಬನ್ನಿ ಎಂದರೆ ಕೆಳಗೇ ನಿಂತು ಹಾಕಿಸಿಕೊಂಡೆ. ಮುಳ್ಳೂರಿನ ಸ್ಕೂಲಿನಲ್ಲಿ ಓದುವಾಗ ಪದ್ಯ ಹೇಳು ಎಂದರೆ ಗೋಡೆಯ ಕಡೆ ಮುಖ ಮಾಡಿ ಹೇಳುತ್ತಿದ್ದೆ. ಅಂಥವಳು ನಾಟಕದ ಟೀಚರ್ ಆದದ್ದು ಆಸೆಯಿಂದಲ್ಲ, ಇಲ್ಲ ಎನ್ನಲು ಬಾರದೆ.

ಎಂಟನೇ ಕ್ಲಾಸು ಮುಗಿಸಿ, ಟ್ರೈನಿಂಗ್ ಮಾಡಿ, ನಾನು ಕೆಲಸಕ್ಕೆ ಸೇರಿದ್ದು ಹನೂರಿನಿಂದ ಆಚೆ ಕಾಡಂಚಿನ ಒಂದು ಊರಿನಲ್ಲಿ. ಊರಿನ ಹೆಸರು ಬೇಡ. ಇದರಲ್ಲಿ ಬರುವವರ ಮಕ್ಕಳು ಮೊಮ್ಮಕ್ಕಳು ಈಗಲೂ ಅಲ್ಲಿದ್ದಾರೆ. ಆಗ ನಮ್ಮ ಕೊಳ್ಳೇಗಾಲ ತಾಲ್ಲೂಕು ಮದರಾಸಿಗೆ ಸೇರಿತ್ತು. ಐವತ್ತಾರರಲ್ಲಿ ಮೈಸೂರು ರಾಜ್ಯಕ್ಕೆ ಬಂತು. ಹೊಸ ರಾಜ್ಯ ಬಂದದ್ದಕ್ಕೆ ಸ್ಕೂಲಿನಲ್ಲಿ ಏನಾದರೂ ಮಾಡಬೇಕು, ನಾಟಕ ಆದರೆ ಒಳ್ಳೆಯದು ಎಂದು ಹೆಡ್‌ಮಾಸ್ಟರು ಹೇಳಿದರು. ಇದ್ದ ಮೂವರು ಮೇಷ್ಟರೂ ಕಿಟಕಿಯಾಚೆ ನೋಡಿದರು. ನಾನು ನೆಲ ನೋಡುತ್ತಿದ್ದೆ. ನೆಲ ನೋಡಿದರೆ ಒಪ್ಪಿದ ಹಾಗೆ ಎಂದು ಅವರು ತಿಳಿದುಕೊಂಡರು.

ನನಗೆ ನಾಟಕ ಎಂದರೆ ಏನು ಗೊತ್ತಿತ್ತು? ಊರುಗಳಲ್ಲಿ ಹಾರ್ಮೋನಿಯಂ ಮೇಷ್ಟರು ತಿಂಗಳುಗಟ್ಟಲೆ ಬಿಡಾರ ಹೂಡಿ ದೊಡ್ಡವರಿಗೆ ಕಲಿಸುತ್ತಿದ್ದರು. ಗಂಡಸರು ಸೀರೆ ಉಟ್ಟು ಎದೆ ಬಡಿದುಕೊಂಡು ಅಳುತ್ತಿದ್ದರು, ರಾಜರು ಕಿರುಚುತ್ತಿದ್ದರು. ಹಾಡು ನನಗೆ ಬಾರದು, ಕಿರುಚುವುದಂತೂ ಬಾರದು. ಬರುತ್ತಿದ್ದದ್ದು ಒಂದೇ, ನೋಡುವುದು. ನಾಚಿಕೆಯವರು ಮಾತಾಡುವುದಿಲ್ಲ, ಮೂಲೆಯಲ್ಲಿ ಕೂತು ನೋಡುತ್ತಿರುತ್ತಾರೆ. ಅದನ್ನೇ ಮಕ್ಕಳಿಗೆ ಕಲಿಸಿದೆ.

ಸೋಮವಾರ ಕೊನೆಯ ಪೀರಿಯಡ್ಡಿಗೆ ಒಬ್ಬೊಬ್ಬರು ಊರಿನ ಒಬ್ಬ ಆಳನ್ನು ತರಬೇಕು. ತರುವುದು ಎಂದರೆ ಮೈಯಲ್ಲಿ ತರುವುದು. ಅವರು ಹೇಗೆ ಕೂರುತ್ತಾರೆ, ಎಲೆ ಅಡಿಕೆ ಹೇಗೆ ಹಾಕಿಕೊಳ್ಳುತ್ತಾರೆ, ಸಿಟ್ಟು ಬಂದಾಗ ಕೈ ಎಲ್ಲಿ ಇಡುತ್ತಾರೆ, ಅಷ್ಟೇ. ಹೆಸರು ಹೇಳಬಾರದು, ಮಾತಾಡಬಾರದು. ಮಿಕ್ಕವರು ಯಾರೆಂದು ಹೇಳಬೇಕು. ಕೇಳಿದ್ದನ್ನು ಮಾಡಬಾರದು, ನೋಡಿದ್ದನ್ನು ಮಾಡಬೇಕು. ಇದಕ್ಕೆ ಮಕ್ಕಳು "ಆಳು ತರೋದು" ಎಂದು ಹೆಸರಿಟ್ಟಿದ್ದರು. ಸೋಮವಾರ ಬೆಳಿಗ್ಗೆಯೇ ಅಂಗಳದಲ್ಲಿ ಕೇಳಿಸುತ್ತಿತ್ತು, "ಲೇ, ಇವತ್ತು ಯಾರ್ಲಾ ನಿನ್ ಆಳು?" "ಏಳಾಕಿಲ್ಲ ಕಣ್ಲಾ, ನೋಡ್ಕಳಿವ್ರಂತೆ."

ಒಂದು ಸೋಮವಾರ ಒಬ್ಬ ಹುಡುಗ ಕೊಡೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದ. ನಶ್ಯ ಏರಿಸಿದ. ಸೀನು ಬರುವ ಹಾಗಾಗಿ ಬಾಯಿ ತೆರೆದು ನಿಂತ. ಸೀನು ಬರಲಿಲ್ಲ. ಆ ಸಿಟ್ಟನ್ನು ಮುಂದಿನ ಬೆಂಚಿನವನ ಕಿವಿ ಹಿಂಡಿ ತೀರಿಸಿಕೊಂಡ. ಕ್ಲಾಸು ಬಿದ್ದು ಬಿದ್ದು ನಗುತ್ತಿತ್ತು. ಬಾಗಿಲಲ್ಲಿ ಹೆಡ್‌ಮಾಸ್ಟರು ನಿಂತಿದ್ದರು, ಕಂಕುಳಲ್ಲಿ ಕೊಡೆ.

"ಯಾರ್ಲಾ ಅದು?"

"ಯಾರೂ ಅಲ್ಲ ಸಾ."

"ನಾನು ಹಂಗೆ ಬಾಯಿ ತಕ್ಕಂಡು ನಿಂತ್ಕತೀನೇನ್ಲಾ?"

"ಊಂ ಸಾ" ಎಂದಿತು ಇಡೀ ಕ್ಲಾಸು, ಒಂದೇ ದನಿಯಲ್ಲಿ.

ಅವರೂ ನಕ್ಕರು. ಆದರೆ ಮರುದಿನ ನನ್ನನ್ನು ಕರೆದು, "ದೊಡ್ಡೋರನ್ನ ತರೋದು ಬ್ಯಾಡಮ್ಮ, ಹುಡುಗ್ರಿಗೆ ಭಯ ಓಗ್ಬುಡ್ತದೆ" ಎಂದರು. "ಆಗಲಿ ಸಾರ್" ಎಂದೆ. ಆ ಕೆಲಸದಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಆಡಿದ ಮಾತು ಅದೇ ಇರಬೇಕು. ನೀನು ಅದನ್ನು ಕಲಿಯಬೇಡ.

ಆ ಊರಿನಲ್ಲೇ ನನಗೆ ಮದುವೆಯಾಯಿತು. ನಿಮ್ಮ ತಾತ ಬೇಸಾಯದ ಮನೆಯವರು, ಜೊತೆಗೆ ಬಟ್ಟೆ ಹೊಲಿಯುತ್ತಿದ್ದರು. ಜಗಲಿಯ ಮೇಲೆ ಮಿಷನ್ ಇತ್ತು. ನಾಟಕದ ಪರದೆಯನ್ನು ಹಳೆಯ ಸೀರೆಗಳಿಂದ ಹೊಲಿದುಕೊಟ್ಟವರು ಅವರೇ. "ನೀನು ಈಚೆ ಬರಾಕಿಲ್ಲ, ಅದ್ಕೇ ದಪ್ಪಾಗಿ ಒಲ್ದಿವ್ನಿ" ಎಂದು ಚೇಷ್ಟೆ ಮಾಡುತ್ತಿದ್ದರು. ನಾನು ವರ್ಷವರ್ಷವೂ ಆ ಪರದೆಯ ಹಿಂದೆ ನಿಂತು ಮಕ್ಕಳಿಗೆ ಮಾತು ಎತ್ತಿಕೊಡುತ್ತಿದ್ದೆ. ಅವರ ಬಗ್ಗೆ ಇನ್ನು ಹೆಚ್ಚು ಬರೆಯುವುದಿಲ್ಲ.

ಇನ್ನು ಸಿದ್ದಮ್ಮನ ವಿಷಯ.

ಐದನೇ ಕ್ಲಾಸಿಗೆ ಬಂದಾಗ ಅವಳು ಬಾಯಿಯನ್ನೇ ಬಿಡುತ್ತಿರಲಿಲ್ಲ. ಸಣ್ಣ ಮೈ, ಕತ್ತು ಒಂದು ಕಡೆಗೆ ವಾಲಿಸಿ ನೋಡುವ ಅಭ್ಯಾಸ. ಬೇಸಾಯದವರ ಮಗಳು. ಅವಳ ಸರದಿ ಬಂದ ಸೋಮವಾರ ಕೈಯಲ್ಲಿ ಕೊಡ ಇದೆ ಎನ್ನುವ ಹಾಗೆ ಬಂದು ನಿಂತಳು. ಕೊಡವನ್ನು ಕಾಲ ಹತ್ತಿರ ಇಟ್ಟಳು. ಸುಮ್ಮನೆ ನಿಂತಳು. ಯಾರೋ ಹತ್ತಿರ ಬಂದ ಹಾಗೆ ಎರಡು ಹೆಜ್ಜೆ ಹಿಂದೆ ಸರಿದಳು. ಅವರು ಹೋದ ಮೇಲೆ ಬಂದು ಕೊಡವನ್ನು ಒಂದು ಗೇಣು ಮುಂದೆ ಇಟ್ಟಳು. ಮತ್ತೆ ನಿಂತಳು. ಬಿಸಿಲಿಗೆ ಕಣ್ಣು ಕಿರಿದು ಮಾಡಿದಳು. ಅಷ್ಟೇ. ಊರ ಬಾವಿಯ ಹತ್ತಿರ, ತಾನು ಸೇದುವ ಹಾಗಿಲ್ಲದೆ, ಯಾರಾದರೂ ಕೊಡಕ್ಕೆ ನೀರು ಹುಯ್ಯಲಿ ಎಂದು ಕಾಯುವ ಹೆಂಗಸು ಅದು. ಕ್ಲಾಸಿನಲ್ಲಿ ಎಲ್ಲರಿಗೂ ಗೊತ್ತಾಯಿತು. ಯಾರೂ ಹೆಸರು ಹೇಳಲಿಲ್ಲ. ಆ ಹೆಂಗಸಿನ ಮಗ ಹಿಂದಿನ ಸಾಲಿನಲ್ಲಿ ಕೂತಿದ್ದ.

ಹೆಡ್‌ಮಾಸ್ಟರ ಕಿವಿಗೆ ಅದೂ ಬಿತ್ತು. "ಅಂಥೋರನ್ನೂ ತರೋದು ಬ್ಯಾಡಮ್ಮ" ಎಂದರು. ದೊಡ್ಡವರು ಬೇಡ, ಅಂಥವರು ಬೇಡ. ಉಳಿದವರು ಯಾರು ಎಂದು ನಾನು ಕೇಳಲಿಲ್ಲ.

ಆದರೆ ಅವತ್ತೇ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೆ, ಈ ಹುಡುಗಿ ಓದಬೇಕು. ಏಳನೇ ಕ್ಲಾಸಿನ ಪಬ್ಲಿಕ್ ಪರೀಕ್ಷೆ ಕಟ್ಟಿದರೆ ಮುಂದೆ ಟ್ರೈನಿಂಗ್ ತನಕ ದಾರಿ ಇತ್ತು. ಪರೀಕ್ಷೆ ನಡೆಯುತ್ತಿದ್ದದ್ದು ಕೊಳ್ಳೇಗಾಲದಲ್ಲಿ. ನಮ್ಮ ಸ್ಕೂಲಿನಿಂದ ಒಂದು ಹೆಣ್ಣುಮಗುವೂ ಅಲ್ಲಿಯ ತನಕ ಹೋಗಿರಲಿಲ್ಲ. ಅವಳ ತಾಯಿ ಮಾದಮ್ಮ, ಮನೆಯಲ್ಲಿ ಅವಳ ಮಾತೇ ನಡೆಯುವುದು. ನಾನು ಹೋಗಿ ಕೇಳಿದೆ.

"ಎಲ್ಲಿ ಮನಿಕತದೆ ಅಲ್ಲಿ? ಯಾರ್ ನೋಡ್ಕಂಡಾರು?" ಎಂದಳು ಮಾದಮ್ಮ.

"ನನ್ನ ಚಿಕ್ಕಮ್ಮನ ಮನೆ ಅಲ್ಲೇ ಇದೆ. ನಾನೇ ಕರ್ಕೊಂಡು ಹೋಗಿ, ನಾನೇ ಕರ್ಕೊಂಡು ಬರ್ತೀನಿ."

"ನೀವು ಕರ್ಕಂಡೋಗಿ ಕರ್ಕಂಡು ಬಂದ್ರೆ ಆಯ್ತು. ನಿಮ್ಮ ಮಕ ನೋಡಿ ಕಳಿಸ್ತೀನಿ ಟೀಚರಮ್ಮ, ಇನ್ನಾರ್ನೂ ನೋಡಿ ಅಲ್ಲ."

ಆ ಮಾತನ್ನು ಎರಡು ವರ್ಷ ಸೆರಗಿನಲ್ಲಿ ಕಟ್ಟಿಕೊಂಡು ಓಡಾಡಿದ ಹಾಗೆ ಓಡಾಡಿದೆ.

ಅವಳು ಏಳನೇ ಕ್ಲಾಸಿನಲ್ಲಿದ್ದಾಗ, ದೀಪಾವಳಿ ಆದ ಮೇಲೆ, ನಿಮ್ಮ ತಾತನಿಗೆ ಕಾಮಾಲೆ ಆಯಿತು. ಮೊದಲು ನಾಟಿ ಔಷಧಿ, ಆಮೇಲೆ ಕೊಳ್ಳೇಗಾಲದ ಆಸ್ಪತ್ರೆ. ಬಸ್ಸಿನಲ್ಲಿ ಕರೆದುಕೊಂಡು ಹೋದವರನ್ನು ಗಾಡಿಯಲ್ಲಿ ತಂದರು. ನಿಮ್ಮ ಅಪ್ಪನಿಗೆ ಆಗ ಐದು ವರ್ಷ.

ಜಗಲಿಯ ಮೇಲೆ, ಮಿಷನ್ ಪಕ್ಕಕ್ಕೆ ಸರಿಸಿ, ಮಲಗಿಸಿದ್ದರು. ಊರೆಲ್ಲ ಬಂತು, ಸ್ಕೂಲಿನ ಮಕ್ಕಳೂ ಬಂದರು. ಹೆಂಗಸರು ಹಾಡಿ ಹಾಡಿ ಅಳುತ್ತಿದ್ದರು. ನನಗೆ ಅಷ್ಟು ಜನರ ಮುಂದೆ ಅಳಲು ನಾಚಿಕೆಯಾಯಿತು. ನಗಬೇಡಿ, ನಿಜವಾಗಿ ನಾಚಿಕೆಯಾಯಿತು. ಹೊದಿಸಿದ್ದ ಕಂಬಳಿ ಗಿಡ್ಡ. ಮಿಷನ್ ತುಳಿಯುತ್ತಿದ್ದ ಬಲಗಾಲು ಈಚೆಗೆ ಇತ್ತು. ಅದರ ಮೇಲೆ ಕಂಬಳಿ ಎಳೆದೆ. ಜಾರಿತು. ಮತ್ತೆ ಎಳೆದು ಅಂಚನ್ನು ಹಿಮ್ಮಡಿಯ ಕೆಳಗೆ ಸಿಕ್ಕಿಸಿದೆ. ಮತ್ತೆ ಜಾರಿತು. "ಚಳಿ ಆಯ್ತದೆ" ಎಂದೆ. ಅವರನ್ನು ಎತ್ತುವ ತನಕ ನಾನು ಮಾಡಿದ್ದು ಇಷ್ಟೇ.

ಅಳಲಿಲ್ಲ ಎಂದು ಊರು ಆಡಿಕೊಂಡಿತು. "ಒಂದು ತೊಟ್ಟು ನೀರು ಬರ್ನಿಲ್ಲ ಕಣಕ್ಕ ಅವ್ಳ ಕಣ್ಣಲ್ಲಿ." "ಸಂಬಳ ಬತ್ತದಲ್ಲ, ಅವ್ಳಿಗೇನು?" ತಿಥಿಯ ದಿನ ಬಳೆ ಒಡೆಯುವಾಗಲೂ ನನ್ನ ಕಣ್ಣನ್ನೇ ನೋಡುತ್ತಿದ್ದರು.

ಎರಡು ತಿಂಗಳಾದ ಮೇಲೆ ಸ್ಕೂಲಿಗೆ ಹೋದೆ. ಬೆಳಿಗ್ಗೆ ಬಾವಿಯ ಹತ್ತಿರ ಹೆಂಗಸರು ನನ್ನನ್ನು ಕಂಡು ಕೊಡ ಹೊತ್ತವರು ಹಾಗೆಯೇ ತಿರುಗಿ ನಿಂತರು. ಎದುರಿಗೆ ಬಂದರೆ ಅವರ ದಿನ ಕೆಡುತ್ತದೆ. ಮರುದಿನದಿಂದ ನಾನೇ ಹಿತ್ತಲ ಕಡೆಯಿಂದ, ಹೊಲದ ಬದುವಿನ ಮೇಲೆ ಹೋಗತೊಡಗಿದೆ. ದೂರ ಆಗುತ್ತಿತ್ತು. ಕ್ಲಾಸಿನಲ್ಲಿ ಮಕ್ಕಳು ನನ್ನ ಹಣೆ ನೋಡಿ, ಕೈ ನೋಡಿ, ಸ್ಲೇಟು ನೋಡಿದರು. ಸಿದ್ದಮ್ಮ ಒಬ್ಬಳು ಕತ್ತು ವಾಲಿಸಿ ನನ್ನ ಮುಖ ನೋಡಿದಳು.

ಹೆಡ್‌ಮಾಸ್ಟರು ಕರೆದರು. ಕುರ್ಚಿ ತೋರಿಸಿದರು. ಕೆಟ್ಟವರಲ್ಲ ಅವರು, ಅದನ್ನೂ ಬರೆಯಬೇಕು.

ಆ ಕಡೆಯ ಊರುಗಳಲ್ಲಿ ಒಂದು ಪದ್ಧತಿ ಇತ್ತು. ನಾಟಕದ ದಿನ ಕಲಿಸಿದವರು ಮೊದಲು ಬಣ್ಣದ ಬಟ್ಟಲಿಗೆ ಉಂಗುರದ ಬೆರಳು ಅದ್ದಿ, ಪಾತ್ರ ಮಾಡುವ ಒಬ್ಬೊಬ್ಬರ ಹಣೆಗೂ ಒಂದು ಬೊಟ್ಟು ಇಡಬೇಕು. ಅದನ್ನು ಬಣ್ಣ ಮುಟ್ಟಿಸುವುದು ಎನ್ನುತ್ತಿದ್ದರು. ಅದಾದ ಮೇಲೆ ಯಾರು ಬೇಕಾದರೂ ಮುಖಕ್ಕೆ ಬಣ್ಣ ಬಳಿಯಬಹುದು. ಪ್ರತಿ ವರ್ಷವೂ ನಾನು ಪರದೆಯ ಹಿಂದೆ ನಿಂತು ಮುಟ್ಟಿಸುತ್ತಿದ್ದೆ.

"ನಾಟಕ ನೀವೇ ಕಲಿಸಿ ಅಮ್ಮ, ನಿಮ್ಮನ್ನ ಬಿಟ್ರೆ ಯಾರಿಗೆ ಬತ್ತದೆ?" ಎಂದರು. "ಆದ್ರೆ ಅವತ್ತು ಬಣ್ಣ ಮುಟ್ಟಿಸೋದು ನಮ್ಮ ಮನೆಯೋರು ಮಾಡ್ತಾರೆ. ನೀವು ಮಕ್ಕಳ ಮುಖ ಮಾತ್ರ ಮುಟ್ಟಕ್ಕೋಗ್ಬೇಡಿ. ನನ್ನ ಮಾತಲ್ಲ ಇದು, ಊರ ಹೆಣ್ಣುಮಕ್ಕಳ ಮಾತು. ಮುಟ್ಟಿದ್ರೆ ಮಕ್ಕಳನ್ನೇ ಕಳಿಸಾಕಿಲ್ಲ ಅಂತವ್ರೆ."

"ಆಗಲಿ ಸಾರ್" ಎಂದೆ.

ಪವಿತ್ರಾ, ನಾನು ಅವತ್ತು ಇಲ್ಲ ಎಂದಿದ್ದರೆ ಆ ವರ್ಷ ನಾಟಕ ನಿಲ್ಲುತ್ತಿತ್ತು, ಅಷ್ಟೇ. ನಿಂತಿದ್ದರೆ ಎಷ್ಟು ಚೆನ್ನಾಗಿತ್ತು.

ನಾನೇ ಬರೆದ ಸಣ್ಣ ನಾಟಕ. ಒಬ್ಬ ಹೆಂಗಸಿನ ಎತ್ತು ಸಾಯುತ್ತದೆ, ಉಳಿದ ಒಂಟಿ ಎತ್ತಿಗೆ ಜೊತೆ ಸಿಗದೆ ಅವಳು ತಾನೇ ನೊಗಕ್ಕೆ ಹೆಗಲು ಕೊಡುತ್ತಾಳೆ. ಹೆಂಗಸು ಸಿದ್ದಮ್ಮ. ಸತ್ತ ಎತ್ತು ಎಂದರೆ ಗೋಣಿತಾಟು ಹೊದ್ದು ಮಲಗಿದ ಇಬ್ಬರು ಹುಡುಗರು. ಪ್ರಾಕ್ಟೀಸಿನಲ್ಲಿ ಎಲ್ಲ ಚೆನ್ನಾಗಿ ಬಂತು. ಎತ್ತು ಸತ್ತಾಗ ಅಳುವುದೊಂದು ಬರಲಿಲ್ಲ. ಸಿದ್ದಮ್ಮ ಹೋಗಿ ಎತ್ತಿನ ಪಕ್ಕ ಕೂತು ಸುಮ್ಮನಾಗಿಬಿಡುತ್ತಿದ್ದಳು.

"ಯಾಕೆ?" ಎಂದೆ.

"ಇನ್ನೂ ಆಳು ಸಿಕ್ಕಿಲ್ಲ ಟೀಚರ್."

"ಯಾರಾದ್ರೂ ಅಳೋದನ್ನ ನೋಡಿರ್ತೀಯಲ್ಲ. ನೋಡಿದ್ದನ್ನ ಮಾಡು."

ಸ್ವಲ್ಪ ಹೊತ್ತು ಬಿಟ್ಟು ಹತ್ತಿರ ಬಂದಳು. ನಾನು ಪರದೆಯ ಒಂದು ಕಡೆ ಬಿಚ್ಚಿಹೋಗಿದ್ದ ಹೊಲಿಗೆ ಹಾಕುತ್ತಿದ್ದೆ. ನಿಮ್ಮ ತಾತ ಹಾಕಿದ ಹೊಲಿಗೆ. ಕಣ್ಣು ಅದರ ಮೇಲೇ ಇತ್ತು.

"ಒಂದ್ ಆಳು ನೋಡಿವ್ನಿ ಟೀಚರ್. ಮಾಡ್ಲಾ?"

"ಮಾಡು."

"ನಿಮ್ಗೆ ಬೇಜಾರಾಗಾಕಿಲ್ವಾ?"

"ನೋಡಿದ್ದನ್ನ ಮಾಡಕ್ಕೆ ಬೇಜಾರೇನು? ನಾಟಕದ ದಿನವೇ ಮಾಡು, ಹೋಗು" ಎಂದೆ. ತಲೆ ಎತ್ತಲಿಲ್ಲ. ನಮ್ಮ ಕೆಲಸದಲ್ಲಿ ಇದಕ್ಕಿಂತ ದೊಡ್ಡ ತಪ್ಪನ್ನು ನಾನು ಕಂಡಿಲ್ಲ. ಮಗು ಬಂದು ಮಾಡಲಾ ಎಂದು ಕೇಳುವಾಗ ತಲೆ ಎತ್ತಿ ಅದರ ಮುಖ ನೋಡು.

ಊರಿಗೆ ಕರೆಂಟ್ ಬಂದಿರಲಿಲ್ಲ. ಸ್ಕೂಲ್ ಡೇ ಮಧ್ಯಾಹ್ನ ಮೂರು ಗಂಟೆಗೆ. ಬೆಳಿಗ್ಗೆಯಿಂದ ನಾನು ಪರದೆಯ ಹಿಂದೆ ಕೂತು ಬಣ್ಣ ಅರೆದೆ. ಹಳದಿಗೆ ಅರದಾಳ, ಕೆಂಪು, ಕಾಡಿಗೆ. ಅರೆಯಲು ನನ್ನ ಕೈ ಆಗುತ್ತಿತ್ತು, ಹಚ್ಚಲು ಆಗುತ್ತಿರಲಿಲ್ಲ. ಹೆಡ್‌ಮಾಸ್ಟರ ಹೆಂಡತಿ ಬಂದು, ನನ್ನ ಕಡೆ ನೋಡದೆ, ಬಟ್ಟಲು ಎತ್ತಿಕೊಂಡು ಮಕ್ಕಳ ಹಣೆಗೆ ಮುಟ್ಟಿಸಿದರು. ಸಿದ್ದಮ್ಮ ಬೊಟ್ಟು ಇಡಿಸಿಕೊಳ್ಳುವಾಗಲೂ ಕತ್ತು ವಾಲಿಸಿ ನನ್ನನ್ನೇ ನೋಡುತ್ತಿದ್ದಳು.

ನಾಟಕ ಶುರುವಾಯಿತು. ಎತ್ತು ಸತ್ತಿತು. ಮುಂದೆ ಕೂತಿದ್ದ ಹೆಂಗಸರು ಅಳುವ ಹಾಡಿಗೆ ಕಾದು ಸೆರಗು ಸರಿಮಾಡಿಕೊಂಡರು. ಸಿದ್ದಮ್ಮ ಎತ್ತಿನ ಪಕ್ಕ ಕೂತಳು. ಗೋಣಿತಾಟಿನಿಂದ ಒಬ್ಬ ಹುಡುಗನ ಕಾಲು ಈಚೆಗೆ ಬಂದಿತ್ತು. ಅದರ ಮೇಲೆ ತಾಟು ಎಳೆದಳು. ಜಾರಿತು. ಮತ್ತೆ ಎಳೆದಳು, ಅಂಚನ್ನು ಹಿಮ್ಮಡಿಯ ಕೆಳಗೆ ಸಿಕ್ಕಿಸಿದಳು. ಮತ್ತೆ ಜಾರಿತು. ಸೆರಗು ಹೆಗಲ ಮೇಲೆ ಸರಿಯಾಗಿ ಹೊದ್ದುಕೊಂಡು, ಜನರಿಗೆ ಬೆನ್ನು ಮಾಡಿ, ಮೆಲ್ಲಗೆ ಅಂದಳು, "ಚಳಿ ಆಯ್ತದೆ."

ಆಮೇಲೆ ಯಾರೋ ಒಬ್ಬಳು, "ಅಯ್ಯೋ ಶಿವನೇ, ಟೀಚರಮ್ಮ ಕಣಕ್ಕ ಇದು" ಎಂದದ್ದು ಪರದೆಯ ಹಿಂದಕ್ಕೂ ಕೇಳಿಸಿತು. ಯಾರೋ ಅತ್ತರು. ಯಾರೋ ನಕ್ಕ ಹಾಗೂ ಕೇಳಿಸಿತು. ಆ ನಗು ನಿಜವೋ, ನನ್ನ ಕಿವಿಯದೋ, ಇವತ್ತಿಗೂ ಗೊತ್ತಿಲ್ಲ. ಬಟ್ಟೆಯಿಲ್ಲದೆ ಬೀದಿಯಲ್ಲಿ ನಿಲ್ಲಿಸಿದ ಹಾಗಾಯಿತು ನನಗೆ. ನಾನು ಯಾರಿಗೂ ತೋರಿಸದೆ ಇಟ್ಟುಕೊಂಡದ್ದು ಅದೊಂದೇ.

ಸೀನು ಮುಗಿಸಿ ಸಿದ್ದಮ್ಮ ಒಳಗೆ ಬಂದಳು. ಮುಖ ಅರಳಿತ್ತು. ಸರಿಯಾಗಿ ಬಂತು ಎಂದು ಅವಳಿಗೆ ಗೊತ್ತಿತ್ತು. "ಬಂತಾ ಟೀಚರ್?" ಎಂದಳು. ನಾನು ಅವಳ ಕೆನ್ನೆಗೆ ಹೊಡೆದೆ.

ಬಣ್ಣ ಅರೆದ ಕೈ. ಹಳದಿ ಬಳಿದ ಕೆನ್ನೆಯ ಮೇಲೆ ನಾಲ್ಕು ಬೆರಳೂ ಕೆಂಪಗೆ ಮೂಡಿದವು. ಅವಳು ಅಳಲಿಲ್ಲ. ಕೊನೆಯ ಸೀನು ಬಾಕಿ ಇತ್ತು. ಒರೆಸಲೂ ಇಲ್ಲ. ಹಾಗೆಯೇ ಹೋಗಿ ನೊಗಕ್ಕೆ ಹೆಗಲು ಕೊಟ್ಟು, ಹೇಳಿಕೊಟ್ಟಷ್ಟು ಮಾತನ್ನೂ ತಪ್ಪಿಲ್ಲದೆ ಆಡಿ, ಕೈ ಮುಗಿದು ಬಂದಳು. ಇಡೀ ಊರು ನನ್ನ ಬೆರಳುಗಳನ್ನು ಅವಳ ಮುಖದ ಮೇಲೆ ನೋಡಿತು.

ಮಾದಮ್ಮ ಪರದೆ ಎತ್ತಿಕೊಂಡು ಒಳಗೆ ಬಂದಳು.

"ಯಾವ ಕೈಯಲ್ಲಿ ಮುಟ್ದೆ ನನ್ ಮಗೀನ? ಯಾವ ಕೈಯಲ್ಲಿ? ಗಂಡನ್ನ ಮಣ್ಣಿಗಿಟ್ಟು ಮೂರು ತಿಂಗ್ಳಾಗಿಲ್ಲ, ಕನ್ಯೆ ಮಕದ ಮ್ಯಾಲೆ ಇಡ್ತೀಯಲ್ಲ ಆ ಕೈಯ!"

ಹೊಡೆದದ್ದಕ್ಕಲ್ಲ, ಮುಟ್ಟಿದ್ದಕ್ಕೆ. ಮೇಷ್ಟರುಗಳು ಹೊಡೆಯುವುದು ಆಗ ಯಾರಿಗೂ ದೊಡ್ಡ ವಿಷಯವಾಗಿರಲಿಲ್ಲ. ನಿಜವಾದ ತಪ್ಪನ್ನು ಯಾರೂ ಕೇಳಲಿಲ್ಲ. ಇಲ್ಲದ ತಪ್ಪಿಗೆ ಊರೆಲ್ಲ ಬೈಯಿತು. ಹಾಗೆ ಬೈದದ್ದು ಒಂದು ಥರ ನನಗೆ ಅನುಕೂಲವೇ ಆಯಿತು ಎಂದು ಈಗ ಅನ್ನಿಸುತ್ತದೆ. ಅವರ ಮೇಲಿನ ಸಿಟ್ಟಿನಲ್ಲಿ ನನ್ನದನ್ನು ಮರೆಯಬಹುದಿತ್ತು.

ಸಿದ್ದಮ್ಮ ಸ್ಕೂಲಿಗೆ ಬರಲಿಲ್ಲ. ಪರೀಕ್ಷೆಗೆ ಇನ್ನೂ ಐದು ವಾರ ಇತ್ತು. ಅವತ್ತೇ ಹೋಗಬೇಕಿತ್ತು ನಾನು. ಹೆಡ್‌ಮಾಸ್ಟರು, "ಈಗ ಅಲ್ಲಿಗೆ ಓಗ್ಬೇಡಿ, ಕಾವು ಆರ್ಲಿ" ಎಂದರು. ಆಗಲಿ ಸಾರ್ ಎಂದೆ. ಆಮೇಲೆ ಅವಳಿಗೆ ಗಂಡು ಗೊತ್ತು ಮಾಡುತ್ತಿದ್ದಾರೆ ಎಂದು ಕೇಳಿದೆ. ಶುಭದ ಮಾತು ನಡೆಯುವ ಮನೆಗೆ ನಾನು ಹೇಗೆ ಹೋಗುವುದು ಎಂದು ಮತ್ತೆ ನಿಂತೆ. ಹೀಗೆ ಹನ್ನೊಂದು ದಿನ ಹೋಯಿತು. ಹನ್ನೆರಡನೇ ದಿನ ಊಟದ ಬಿಡುವಿನಲ್ಲಿ, ಬೀದಿಯಲ್ಲಿ ಜನ ಇಲ್ಲದ ಹೊತ್ತು ನೋಡಿ, ಹೋದೆ.

ಮಾದಮ್ಮ ಹೊಸಿಲಿನಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ನನ್ನನ್ನು ಕಂಡು ಮೊರ ಪಕ್ಕಕ್ಕೆ ಇಟ್ಟಳು, ಏಳಲಿಲ್ಲ.

"ಪರೀಕ್ಷೆ ಒಂದು ಬರೆದುಬಿಡ್ಲಿ ಮಾದಮ್ಮ" ಎಂದೆ.

"ಮುಂದಿನ ತಿಂಗ್ಳು ಧಾರೆ. ನನ್ ತಮ್ಮಂಗೇ ಕೊಡ್ತಿದ್ದೀವಿ, ಗಡಿಯಿಂದ ಅತ್ಲಾಗೆ. ಅಲ್ಲೆಲ್ಲ ತಮಿಳು. ನಿಮ್ಮ ಪರೀಕ್ಷೆ ತಕಂಡು ಅಲ್ಲೇನ್ ಮಾಡಾಳು?"

"ನನ್ನ ಮುಖ ನೋಡಿ ಕಳಿಸ್ತೀನಿ ಅಂದಿದ್ದೆ ನೀನು."

"ಆಗ ಮಕದಲ್ಲಿ ಕುಂಕ್ಮ ಇತ್ತು ಟೀಚರಮ್ಮ" ಎಂದಳು. ದನಿ ಏರಿಸಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಈಗ ನಿಮ್ಮ ಜೊತೇಲಿ ಮೂರು ದಿನ ಕಳಿಸಿದ್ರೆ ಗಂಡಿನೋರು ನನ್ನ ಏನಂದಾರು? ನೀವೇ ಏಳಿ."

ಸಿದ್ದಮ್ಮ ಒಳಗಿನಿಂದ ಬಂದು ಕಂಬದ ಹತ್ತಿರ ನಿಂತಳು. ಕೆನ್ನೆಯಲ್ಲಿ ಏನೂ ಇರಲಿಲ್ಲ.

"ನಿಮ್ಮನ್ನ ಆಡ್ಕಳಕ್ಕೆ ಮಾಡ್ನಿಲ್ಲ ಟೀಚರ್" ಎಂದಳು. "ಅಳದು ಅಂದ್ರೆ ನಾನು ಕಂಡಿದ್ದು ಅದೊಂದೇಯ. ಮಿಕ್ಕೋರೆಲ್ಲ ಬರೀ ಕೂಗ್ತಿದ್ರು."

ಊರಿಗೆ ಊರೇ ಅಳಲಿಲ್ಲ ಎಂದದ್ದನ್ನು ಅಳು ಎಂದು ಕಂಡವಳು ಆ ಒಬ್ಬಳು ಹನ್ನೆರಡು ವರ್ಷದ ಹುಡುಗಿ. ನಾನು ಹೇಳಬೇಕಾಗಿದ್ದದ್ದು, ತಪ್ಪು ನನ್ನದು ಕಣಮ್ಮ ಎಂದು. ಮಾದಮ್ಮ ನೋಡುತ್ತಿದ್ದಳು. ನಾನು ಹೇಳಿದ್ದು, "ನೀನು ಮೊದಲೇ ಒಂದು ಮಾತು ಕೇಳಬಹುದಾಗಿತ್ತು" ಎಂದು.

"ಕೇಳಿದ್ನಲ್ಲ" ಎಂದಳು.

ಅಷ್ಟೇ ಅಂದು ಒಳಗೆ ಹೋದಳು.

ಪರೀಕ್ಷೆಗೆ ಗಂಡುಮಕ್ಕಳನ್ನು ಕರೆದುಕೊಂಡು ಕೊಳ್ಳೇಗಾಲಕ್ಕೆ ನಾನೇ ಹೋದೆ. ಸಿದ್ದಮ್ಮನ ಹಾಲ್ ಟಿಕೆಟ್ಟೂ ಬಂದಿತ್ತು, ಚೀಲದಲ್ಲಿ ಇಟ್ಟುಕೊಂಡಿದ್ದೆ. ಮೂರು ದಿನವೂ ಎರಡನೇ ಸಾಲಿನ ಆ ಒಂದು ಜಾಗ ಖಾಲಿ ಇತ್ತು. ಚಿಕ್ಕಮ್ಮ ಒಂದು ಚಾಪೆ ಹೆಚ್ಚಾಗಿ ಹಾಸಿಟ್ಟಿದ್ದರು. ಅದನ್ನು ನಾನೇ ಸುತ್ತಿ ಮೂಲೆಗಿಟ್ಟೆ.

ಆಮೇಲಿನದನ್ನು ಬೇಗ ಬರೆಯುತ್ತೇನೆ. ನಾನೇ ಅರ್ಜಿ ಕೊಟ್ಟು ಕೊಳ್ಳೇಗಾಲಕ್ಕೆ ವರ್ಗ ಮಾಡಿಸಿಕೊಂಡೆ, ಅಲ್ಲಿಂದ ಯಳಂದೂರಿಗೆ. ನಾಟಕದ ಟೀಚರ್ ಎಂಬ ಹೆಸರು ನನಗಿಂತ ಮೊದಲೇ ಆ ಸ್ಕೂಲುಗಳಿಗೆ ಹೋಗಿ ಕೂತಿತ್ತು. ಮಾಡಿಸಿದೆ. ಆದರೆ ಸೋಮವಾರದ ಆಳು ತರುವುದನ್ನು ನಿಲ್ಲಿಸಿದೆ. ಅಚ್ಚಾದ ನಾಟಕಗಳು ಬರತೊಡಗಿದ್ದವು, ಯಾರು ಯಾವ ಕಡೆಯಿಂದ ಬರಬೇಕು, ಎಲ್ಲಿ ನಿಟ್ಟುಸಿರು ಬಿಡಬೇಕು ಎಲ್ಲ ಅದರಲ್ಲೇ ಇರುತ್ತಿತ್ತು. ಮಕ್ಕಳಿಗೆ ಬಾಯಿಪಾಠ ಮಾಡಿಸಿದೆ. ಅಳುವುದನ್ನು ಹೀಗೆ ಕಲಿಸುತ್ತಿದ್ದೆ, ಬಲಗೈ ಹಣೆಯ ಮೇಲೆ, ಎರಡು ಹೆಜ್ಜೆ ಹಿಂದಕ್ಕೆ, ಆಮೇಲೆ ಅಯ್ಯೋ. ಮಕ್ಕಳು ಹಾಗೆಯೇ ಮಾಡುತ್ತಿದ್ದರು. ಮೈಕು ಬಂತು, ಕರೆಂಟ್ ಬಂತು, ಬಣ್ಣದ ದೀಪ ಬಂತು. ತಪಾಸಣೆಗೆ ಬಂದ ಸಾಹೇಬರೊಬ್ಬರು, "ಎಷ್ಟು ಶಿಸ್ತಾಗಿ ಕಲಿಸಿದ್ದೀರಿ, ಒಂದು ಮಗುವೂ ಅಳತೆ ತಪ್ಪಲಿಲ್ಲ" ಎಂದು ಎಲ್ಲರ ಮುಂದೆ ಹೊಗಳಿದರು. ಮೊದಲು ಮಾಡಿಸುತ್ತಿದ್ದ ನಾಟಕಕ್ಕೆ ಯಾವ ಸಾಹೇಬರೂ ಬಂದಿರಲಿಲ್ಲ.

ಯಳಂದೂರಿನಲ್ಲಿ ಬಣ್ಣ ಮುಟ್ಟಿಸಬೇಡಿ ಎಂದು ನನಗೆ ಯಾರೂ ಹೇಳಲಿಲ್ಲ. ಹೊಸ ಹೆಡ್‌ಮಾಸ್ಟರು ಬಟ್ಟಲನ್ನು ನನ್ನ ಕೈಗೇ ಕೊಟ್ಟರು. ನಾನೇ ಅದನ್ನು ಬೇರೊಬ್ಬ ಟೀಚರಿಗೆ ದಾಟಿಸಿದೆ. ಆ ಹೊತ್ತಿಗೆ ನನ್ನನ್ನು ತಡೆಯಲು ಊರು ಬೇಕಾಗಿರಲಿಲ್ಲ, ನಾನೇ ಸಾಕಾಗಿದ್ದೆ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಜೂನ್ ತಿಂಗಳು, ಸ್ಕೂಲಿಗೆ ಸೇರಿಸಿಕೊಳ್ಳುವ ಟೇಬಲ್ಲಿನಲ್ಲಿ ನಾನು ಕೂತಿದ್ದೆ. ಒಬ್ಬಳು ಹೆಂಗಸು ಒಂದು ಹುಡುಗಿಯನ್ನು ಕರೆದುಕೊಂಡು ಬಂದಳು. ಗಂಡ ಗಡಿಯಾಚೆಯಿಂದ ಬಂದು ಇಲ್ಲಿ ಕಬ್ಬಿನ ಗದ್ದೆಯಲ್ಲಿ ಕೆಲಸಕ್ಕೆ ನಿಂತಿದ್ದಾನೆ, ಮಗಳನ್ನು ಐದನೇ ಕ್ಲಾಸಿಗೆ ಹಾಕಬೇಕು ಎಂದಳು. ಮಾತಿನಲ್ಲಿ ತಮಿಳು ಸೇರಿತ್ತು. ಹೆಬ್ಬೆಟ್ಟಿನ ಶಾಯಿ ಮುಂದೆ ತಳ್ಳಿದೆ. "ಬ್ಯಾಡ, ಪೆನ್ನು ಕೊಡಿ" ಎಂದಳು. ಕತ್ತು ಒಂದು ಕಡೆಗೆ ವಾಲಿಸಿ ಬರೆದಳು, ಸಿದ್ದಮ್ಮ. 'ದ'ಕ್ಕೆ ಒತ್ತು ಕೊಡುವಾಗ ಸ್ವಲ್ಪ ಎಳೆಯುವುದನ್ನು ನಾನೇ ಅವಳಿಗೆ ಕಲಿಸಿದ್ದೆ.

ನಾನು ತಲೆ ಎತ್ತಿದೆ. ಅವಳಿಗೆ ನನ್ನ ಗುರುತು ಮೊದಲೇ ಸಿಕ್ಕಿತ್ತು.

"ಚೆನ್ನಾಗಿದ್ದೀಯಾ?" ಎಂದೆ.

"ಇವ್ನಿ ಟೀಚರ್."

ಹಿಂದೆ ಸಾಲು ಇತ್ತು. ಹೇಳುವುದಿದ್ದರೆ ಆಗ ಹೇಳಬೇಕಿತ್ತು. ಹದಿನೈದು ವರ್ಷ ಬಾಯಿಪಾಠ ಮಾಡಿದ ಮಾತು ಅದು, ಒಂದೇ ಸಾಲು. ನಾನು ರಬ್ಬರ್ ಸ್ಟಾಂಪು ಒತ್ತಿದೆ.

ಸಿದ್ದಮ್ಮ ಬಗ್ಗಿ ಮಗಳ ಜಡೆ ಸರಿಮಾಡಿದಳು. "ನಾಟಕದ ಟೀಚರು ಕಣವ್ವ ಇವ್ರು. ಇವ್ರು ಏಳ್ಕೊಟ್ಟಷ್ಟೇ ಮಾಡು" ಎಂದಳು. ಸಿಟ್ಟೂ ಇರಲಿಲ್ಲ, ನಗುವೂ ಇರಲಿಲ್ಲ. ಮಗುವಿಗೆ ದಾರಿಯಲ್ಲಿ ಮುಳ್ಳಿದೆ ಎಂದು ಹೇಳುವ ಹಾಗೆ ಹೇಳಿದಳು. "ನೀನು ನೋಡಿದ್ದನ್ನೆಲ್ಲ ಮಾಡಕ್ಕೋಗ್ಬ್ಯಾಡ."

ಆ ಹುಡುಗಿ ಮೂರು ವರ್ಷ ನನ್ನ ಹತ್ತಿರ ಇದ್ದಳು. ತಾಯಿಯ ಹಾಗೆಯೇ ಕತ್ತು ವಾಲಿಸಿ ಎಲ್ಲವನ್ನೂ ನೋಡುತ್ತಿದ್ದಳು, ನನ್ನನ್ನು, ಅಟೆಂಡರನ್ನು, ಗೇಟಿನ ಹತ್ತಿರ ಕಡಲೆಕಾಯಿ ಮಾರುವವಳನ್ನು. ನಾನು ಕಾಯುತ್ತಿದ್ದೆ. ಯಾವತ್ತಾದರೂ ಒಂದು ದಿನ ಬಂದು ಮಾಡಲಾ ಎಂದು ಕೇಳುತ್ತಾಳೆ, 'ಮಾಡು ಮಗು' ಎಂದು ಮುಖ ನೋಡಿ ಹೇಳಬೇಕು ಎಂದು. ಅವಳು ಕೇಳಲಿಲ್ಲ. ಏಳನೇ ಕ್ಲಾಸಿನಲ್ಲಿ ದೊಡ್ಡ ಪಾತ್ರ ಕೊಟ್ಟೆ. ಸಾವಿನ ಸೀನು ಇತ್ತು.

"ಇಲ್ಲಿ ಎಂಗೆ ಅಳ್ಬೇಕು ಟೀಚರ್?" ಎಂದಳು.

ಬಲಗೈ ಹಣೆಯ ಮೇಲೆ ಇಟ್ಟು ತೋರಿಸಿದೆ. ಅವಳು ತನ್ನ ಬಲಗೈಯನ್ನು ಹಣೆಯ ಮೇಲೆ ಇಟ್ಟುಕೊಂಡಳು, ಒಂದು ಬೆರಳು ಮೇಲಲ್ಲ, ಒಂದು ಬೆರಳು ಕೆಳಗಲ್ಲ, ಎರಡು ಹೆಜ್ಜೆ ಹಿಂದಕ್ಕೆ ಇಟ್ಟು, ಅಯ್ಯೋ ಎಂದಳು. ಆ ವರ್ಷ ನಮ್ಮ ಸ್ಕೂಲಿಗೆ ಮೊದಲನೆಯ ಬಹುಮಾನ ಬಂತು.